ಸೇವೆಗೆ ಲೆಕ್ಕವಿರಬಾರದೇ?

ನಮ್ಮ ಮಸೂತಿಯ ಹುಡುಗಿಯೊಬ್ಬಳು ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಬೇಕೆಂದಿದ್ದಾಳೆ. ಎರಡು ವರ್ಷದ ಓದು. ಶುಲ್ಕ, ಹಾಸ್ಟೆಲ್ ಖರ್ಚು, ಆ ಎರಡು ವರ್ಷ ಕೈತಪ್ಪುವ ದುಡಿಮೆ. ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. "ಇಷ್ಟ ಹಾಕಿದ್ರ ತಿಂಗಳಿಗೆ ಎಷ್ಟ ಬರ್ತದ್ರಿ?" ಎಂದು ಅವಳು ಕೇಳಿದರೆ ಹಿರಿಯರೊಬ್ಬರು, "ಇದು ಸೇವಾ ಐತಿ ತಂಗಿ, ಇದರಾಗ ರೊಕ್ಕದ ಮಾತ್ಯಾಕ?" ಅಂದರು.

ನನಗೆ ತೊಡಕಾಗಿರುವುದು ಆ ಮಾತೇ. ಡಾಕ್ಟರ್ ಓದಿಸಲು ಹೊಲ ಮಾರುವವರಿಗೆ ಯಾರೂ ಹೀಗೆ ಹೇಳುವುದಿಲ್ಲ. ಸಂಬಳ ಕಡಿಮೆಯಿರುವ ಕಡೆಗೇ 'ಸೇವೆ' ಎಂಬ ಪದ ಬಂದು ಕೂರುತ್ತದೆ.

ಬಸವಣ್ಣ ಹುಟ್ಟಿದ ಸೀಮೆ ನಮ್ಮದು. ಶರಣರ ಕಾಯಕ ಬಿಟ್ಟಿ ದುಡಿಮೆಯಲ್ಲ. ದುಡಿದದ್ದರಲ್ಲೇ ಮನೆ ನಡೆಯಬೇಕು, ದಾಸೋಹವೂ ಆಗಬೇಕು. ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಸುರಿದು ಬರಲು ಹೇಳಿದವಳು ಹೆಂಡತಿ ಲಕ್ಕಮ್ಮ. ಎಷ್ಟು ಸಾಕೆಂಬ ಲೆಕ್ಕ ಆಕೆಗೆ ಗೊತ್ತಿತ್ತು. ಆ ಲೆಕ್ಕವನ್ನು ತಾನೇ ಹಾಕಿದಳು, ಊರವರು ಹಾಕಿಕೊಡಲಿಲ್ಲ.

ಊರಿನ ಪಾಲಿನ ಲೆಕ್ಕ ಬೇರೆಯೇ ಇದೆ. ಪ್ರಾಥಮಿಕ ಹಂತದಲ್ಲಿ ಅಂಗವೈಕಲ್ಯವಿರುವ 10 ಮಕ್ಕಳಿಗೆ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಆದರೂ ಹುದ್ದೆ ಮಂಜೂರು ಮಾಡಿ ಭರ್ತಿ ಮಾಡಿರೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ತ್ಯಾಗವನ್ನು ನಾವು ಮಾಡಬಹುದು, ಇನ್ನೊಬ್ಬರಿಂದ ವಸೂಲಿ ಮಾಡಲಾಗದು. ಕಡಿಮೆ ಸಂಬಳಕ್ಕೂ ಅವಳು ಒಪ್ಪಿದರೆ ಅದು ಅವಳ ದೊಡ್ಡತನ. ಆ ದೊಡ್ಡತನವನ್ನೇ ನಂಬಿಕೊಂಡು ಶಾಲೆ ನಡೆಸುವುದು ನಮ್ಮ ಸಣ್ಣತನ.