ಚಾಚದ ಕೈ

1969ರ ಮಾರ್ಚ್ ತಿಂಗಳಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವ ಐಸ್ ಹಾಕಿ ಪಂದ್ಯಾವಳಿಯ ವಿಚಾರ ಬಂದಾಗ ಚಿನ್ನದ ಪದಕ ಯಾರಿಗೆ ಬಂತು ಎಂಬುದು ನನಗೆ ಕೊನೆಗೆ ನೆನಪಾಗುವ ಸಂಗತಿ. ಐಸ್ ಹಾಕಿ ನಮ್ಮ ಹುಲ್ಲು ಮೈದಾನದ ಹಾಕಿಯಲ್ಲ. ಹಿಮಗಟ್ಟಿದ ನೆಲದ ಮೇಲೆ ಜಾರುತ್ತ, ಚೆಂಡಿನ ಬದಲು ರಬ್ಬರಿನ ಬಿಲ್ಲೆಯೊಂದನ್ನು ಅಟ್ಟಿಕೊಂಡು ಹೋಗುವ, ಮೈಗೆ ಮೈ ಡಿಕ್ಕಿ ಹೊಡೆಸುವ ಒರಟು ಆಟ. ಒರಟಾದದ್ದರಿಂದಲೇ ಇರಬೇಕು, ಆಟ ಮುಗಿದ ಮೇಲೆ ಎರಡೂ ಕಡೆಯವರು ಕೈಕುಲುಕುವುದಕ್ಕೆ ಅಲ್ಲಿ ಬಹಳ ಬೆಲೆ. ಮಾರ್ಚ್ 21ರಂದು ಸೋವಿಯತ್ ತಂಡವನ್ನು 2-0ಯಿಂದ ಸೋಲಿಸಿದ ಚೆಕೊಸ್ಲೊವಾಕಿಯದ ಆಟಗಾರರು ಕೈ ಕುಲುಕಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಏಳು ತಿಂಗಳ ಹಿಂದೆ, 1968ರ ಆಗಸ್ಟ್ 21ರಂದು ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರದೊಳಕ್ಕೆ ನುಗ್ಗಿದ್ದವು. ನೂರಕ್ಕೂ ಹೆಚ್ಚು ನಾಗರಿಕರು ಸತ್ತಿದ್ದರು. ಈ ಪಂದ್ಯಾವಳಿಯೂ ಪ್ರಾಗಿನಲ್ಲೇ ನಡೆಯಬೇಕಾಗಿದ್ದು, ಆ ಕಾರಣಕ್ಕೆ ಸ್ವೀಡನ್ನಿಗೆ ಹೋಯಿತು. ಅಂಗಿಯ ಮೇಲಿನ ರಾಷ್ಟ್ರಲಾಂಛನದಲ್ಲಿದ್ದ ಕೆಂಪು ನಕ್ಷತ್ರ ಕಾಣದಂತೆ ಪಟ್ಟಿ ಅಂಟಿಸಿಕೊಂಡು ಆಡಿದವರೂ ಆ ತಂಡದಲ್ಲಿದ್ದರು.

ಆದರೆ ಎದುರಿಗಿದ್ದ ಆಟಗಾರ ಟ್ಯಾಂಕು ಓಡಿಸಿದವನಲ್ಲವಲ್ಲ? ಅತ್ತೆಯ ಮೇಲಿನ ಸಿಟ್ಟನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತಾಗಲಿಲ್ಲವೆ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸರ್ಕಾರದ ಪಾಪವನ್ನು ಪ್ರಜೆಯ ತಲೆಗೆ ಕಟ್ಟುತ್ತ ಹೋದರೆ ಲೋಕದಲ್ಲಿ ಯಾರೂ ಯಾರ ಕೈಯನ್ನೂ ಮುಟ್ಟುವಂತಿರುವುದಿಲ್ಲ. ಸೋವಿಯತ್ ತಂಡದ ಅನೇಕರು ಸೇನೆಯ ಕ್ಲಬ್ಬಿನವರು, ಕಾಗದದ ಮೇಲೆ ಸೈನಿಕರೇ ಎಂದು ವಾದಿಸಬಹುದು. ನನಗೆ ಆ ವಾದ ಒಪ್ಪಿಗೆಯಿಲ್ಲ, ಅದು ವಕೀಲರ ಜಾಣತನ. ಇಪ್ಪತ್ತರ ಹುಡುಗನೊಬ್ಬ ಚೆನ್ನಾಗಿ ಆಡುತ್ತಾನೆಂದು ಸೇನೆ ಅವನನ್ನು ಸೇರಿಸಿಕೊಂಡರೆ ಅವನು ಪ್ರಾಗಿನ ಅಪರಾಧಿಯಾಗುವುದಿಲ್ಲ.

ನಾನು ಅವರ ಪರವಾಗಿ ನಿಲ್ಲುವುದು ಬೇರೆ ಕಾರಣಕ್ಕೆ. ಆಟದ ಕೊನೆಯ ಕೈಕುಲುಕಿಗೆ ಒಂದು ಅರ್ಥವಿದೆ: ನಮ್ಮ ನಡುವೆ ಇದ್ದದ್ದು ಆಟ ಮಾತ್ರ, ಅದೀಗ ಮುಗಿಯಿತು ಎಂದು. ಅಂದು ಆ ಮಾತು ನಿಜವಾಗಿರಲಿಲ್ಲ. ಏನೂ ಮುಗಿದಿರಲಿಲ್ಲ, ಸೈನ್ಯ ಅವರ ನೆಲದಲ್ಲೇ ಬೀಡುಬಿಟ್ಟಿತ್ತು. ಕೈ ಕೊಡದಿರುವುದು ಎದುರಾಳಿಯನ್ನು ದ್ವೇಷಿಸಿದಂತೆಯೇ ಆಗಬೇಕಿಲ್ಲ, ಸುಳ್ಳೊಂದಕ್ಕೆ ರುಜು ಹಾಕದಿರುವುದೂ ಆಗಬಹುದು. ಕೈ ನೀಡದವರ ಮನಸ್ಸಿನಲ್ಲಿ ದ್ವೇಷವೂ ಇತ್ತೆನ್ನಿ. ಅವರೇನು ಋಷಿಗಳಲ್ಲ.

ಇದಕ್ಕಿಂತ ತೊಡಕಿನದು ಮುಂದಿನ ಸಂಗತಿ. ಮಾರ್ಚ್ 28ರಂದು ಅವರು ಮತ್ತೆ ಗೆದ್ದರು, 4-3. ಆ ರಾತ್ರಿ ಊರೂರುಗಳಲ್ಲಿ ಜನ ಬೀದಿಗಿಳಿದರು. ಪ್ರಾಗಿನ ವೆನ್ಸೆಸ್ಲಾಸ್ ಚೌಕ ತುಂಬಿಹೋಯಿತು. ಜನವರಿಯಲ್ಲಿ ಯಾನ್ ಪಾಲಾಕ್ ಎಂಬ ವಿದ್ಯಾರ್ಥಿ ಮೈಗೆ ಬೆಂಕಿ ಹಚ್ಚಿಕೊಂಡದ್ದೂ ಅಲ್ಲಿಯೇ. ಸೋವಿಯತ್ ವಿಮಾನಸಂಸ್ಥೆಯಾದ ಏರೋಫ್ಲಾಟ್‌ನ ಕಚೇರಿಯನ್ನು ಗುಂಪು ಧ್ವಂಸ ಮಾಡಿತು. ಕಚೇರಿಯ ಮುಂದೆ ಕಲ್ಲಿನ ರಾಶಿ ಮೊದಲೇ ಸಿದ್ಧವಾಗಿತ್ತೆಂದೂ, ಅದು ರಹಸ್ಯ ಪೊಲೀಸರ ಕೈವಾಡವೆಂದೂ ಅಲ್ಲಿನವರು ಬಹುಕಾಲ ಶಂಕಿಸಿದರು. ಮಾಸ್ಕೋಗೆ ನೆಪ ಸಿಕ್ಕಿತು. ರಕ್ಷಣಾ ಸಚಿವ ಗ್ರೆಚ್ಕೊ ಬಂದು ಬೆದರಿಸಿಹೋದರು. ಏಪ್ರಿಲ್ 17ರಂದು, ಸುಧಾರಣೆಗಳನ್ನು ತಂದಿದ್ದ ದುಬ್ಚೆಕ್ ಕೆಳಗಿಳಿದು ಅವರ ಜಾಗಕ್ಕೆ ಹುಸಾಕ್ ಬಂದರು.

ಹಾಗಾದರೆ ಆ ಗೆಲುವು ದುಬಾರಿಯಾಯಿತೆ? ಸೋತಿದ್ದರೆ, ಅಥವಾ ಗೆದ್ದು ನಕ್ಕು ಕೈ ಕುಲುಕಿದ್ದರೆ ದೇಶಕ್ಕೆ ಒಳ್ಳೆಯದಾಗುತ್ತಿತ್ತೆ? ಕುರಿಮರಿ ನೀರು ಕಲಕಿತೆಂದು ತೋಳ ಜಗಳ ತೆಗೆದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನೆಪ ಬೇಕಾದವನಿಗೆ ಹಾಕಿಯೇ ಆಗಬೇಕೆಂದಿಲ್ಲ. ಆದರೂ ಆ ರಾತ್ರಿ ಕುಣಿದ ಜನ ಬೆಳಿಗ್ಗೆ ಎದ್ದು ಏನೆಂದುಕೊಂಡಿರಬಹುದು ಎಂದು ಯೋಚಿಸಿದಾಗ ನನ್ನ ಈ ಉತ್ತರದಿಂದ ನನಗೇ ಪೂರ್ತಿ ಸಮಾಧಾನವಾಗುವುದಿಲ್ಲ.

ಸ್ಟಾಕ್‌ಹೋಮಿನಲ್ಲಿ ಮೂರು ತಂಡಗಳು ತಲಾ 16 ಅಂಕ ಗಳಿಸಿದ್ದವು. ಸ್ವೀಡನ್ನಿಗೆ ಎರಡೂ ಸಲ ಸೋತಿದ್ದ ಚೆಕೊಸ್ಲೊವಾಕಿಯ ಗೋಲುಗಳ ಲೆಕ್ಕದಲ್ಲಿ ಮೂರನೆಯದಾಯಿತು, ಚಿನ್ನ ಸೋವಿಯತ್ ತಂಡದ ಪಾಲಾಯಿತು. 1972ರಲ್ಲಿ ಪಂದ್ಯಾವಳಿ ಪ್ರಾಗಿಗೇ ಬಂದಾಗ ಚೆಕೊಸ್ಲೊವಾಕಿಯ ಚಿನ್ನ ಗೆದ್ದಿತು. ಸೋವಿಯತ್ ಸೈನ್ಯ ಪೂರ್ತಿಯಾಗಿ ಹೊರಟದ್ದು 1991ರಲ್ಲಿ.