ಏನು ಕಡಿಮೆಯಾಗಿದೆ?

ಮರೆವು ಶುರುವಾದ ತಂದೆಗೋ ತಾಯಿಗೋ ‘ಮೆದುಳಿಗೆ ಶಕ್ತಿ ಕೊಡುವ’ ಡಬ್ಬಿಯೊಂದನ್ನು ತಂದುಕೊಡುವುದು ಮಕ್ಕಳ ಕರ್ತವ್ಯವೇ? ತರದಿದ್ದರೆ, ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ದೇವಾಜ್ಞೆಗೆ ತಪ್ಪಿದಂತಾಗುತ್ತದೆಯೇ? ನಮ್ಮ ಅನೇಕ ಮನೆಗಳಲ್ಲಿ ಇಂದು ಈ ಪ್ರಶ್ನೆ ಇದೆ. ಗಲ್ಫಿನಿಂದ ರಜೆಗೆ ಬರುವ ಮಗನ ಪೆಟ್ಟಿಗೆಯಲ್ಲಿ ಇಂಥ ಡಬ್ಬಿ ಇರುತ್ತದೆ, ಮೆಡಿಕಲ್ ಶಾಪಿನ ಕಪಾಟಿನಲ್ಲೂ ಇರುತ್ತದೆ. ಕೆಲವೊಮ್ಮೆ ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದಾಗ ಪರಿಚಯದವರೇ ಅದರ ಮಾತೆತ್ತುತ್ತಾರೆ. ತಿಂಗಳ ಖರ್ಚು ಹಿರಿಯರ ಕ್ಷೇಮ ಪಿಂಚಣಿಯನ್ನೇ ನುಂಗುವಷ್ಟಿರುವುದೂ ಉಂಟು.

ಇವನ್ನು ನಾವು ‘ಪೂರಕ ಆಹಾರ’ ಎನ್ನುತ್ತೇವೆ. ಪೂರಕ ಎಂದರೆ ತುಂಬಿಕೊಡುವಂಥದ್ದು. ತುಂಬಬೇಕಾದರೆ ಏನು ಕಡಿಮೆಯಾಗಿದೆ ಎಂದು ಮೊದಲು ಗೊತ್ತಿರಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ವಿಜ್ಞಾನ ಏನು ಹೇಳುತ್ತದೆಂದು ನೋಡೋಣ. ಮೆದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಈ ಶಕ್ತಿ ಮುಖ್ಯವಾಗಿ ರಕ್ತದಲ್ಲಿರುವ ಗ್ಲೂಕೋಸಿನಿಂದ ಬರುತ್ತದೆ. ಹಲವು ದಿನ ಊಟವಿಲ್ಲದಿದ್ದರೆ ಲಿವರ್ ಕೊಬ್ಬಿನಿಂದ ಕೀಟೋನ್ ಎಂಬ ಇನ್ನೊಂದು ಇಂಧನವನ್ನು ತಯಾರಿಸುತ್ತದೆ. ಮೆದುಳು ಅದನ್ನೂ ಬಳಸಿಕೊಳ್ಳುತ್ತದೆ. ದೀರ್ಘ ಉಪವಾಸದಲ್ಲಿದ್ದವರನ್ನು ಪರೀಕ್ಷಿಸಿ ಇದನ್ನು 1967ರಲ್ಲಿ ತೋರಿಸಿದವರು ಅಮೆರಿಕದ ಜಾರ್ಜ್ ಕೇಹಿಲ್ ಮತ್ತು ಅವರ ಸಂಗಡಿಗರು.

ವಯಸ್ಸಾದಂತೆ ಮೆದುಳು ಗ್ಲೂಕೋಸನ್ನು ಬಳಸುವುದು ತುಸು ತಗ್ಗುತ್ತದೆ. ಅಲ್ಝೈಮರ್ ಕಾಯಿಲೆಯಲ್ಲಂತೂ ಕೆಲವು ಭಾಗಗಳಲ್ಲಿ ಅದು ಬಹಳ ಕುಗ್ಗಿರುವುದು ಸ್ಕ್ಯಾನಿನಲ್ಲಿ ಕಾಣುತ್ತದೆ. ಕೀಟೋನನ್ನು ಬಳಸುವ ಸಾಮರ್ಥ್ಯ ಮಾತ್ರ ಬಹುಮಟ್ಟಿಗೆ ಉಳಿದಿರುತ್ತದೆ. ಹಾಗಾದರೆ ಕೀಟೋನ್ ಒದಗಿಸಿ ಮರೆವನ್ನು ತಡೆಯಬಹುದಲ್ಲವೇ ಎಂದು ಕೇಳುವುದು ನ್ಯಾಯವೇ.

2008ರಲ್ಲಿ ಫ್ಲೋರಿಡಾದ ವೈದ್ಯೆ ಮೇರಿ ನ್ಯೂಪೋರ್ಟ್ ಅಲ್ಝೈಮರ್ ಇದ್ದ ತಮ್ಮ ಪತಿಗೆ ತೆಂಗಿನೆಣ್ಣೆ ಕೊಟ್ಟು, ಅದರಿಂದ ಗುಣ ಕಂಡಿತೆಂದು ಬರೆದರು. ಆ ಸುದ್ದಿ ಎಲ್ಲೆಡೆ ಹಬ್ಬಿತು. 1916ರಿಂದಲೇ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನವರಾದ ನಮಗೆ ಇದನ್ನು ನಂಬಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಕೀಟೋನ್ ಚೆನ್ನಾಗಿ ಕೊಡುವ ಅಂಶ ತೆಂಗಿನೆಣ್ಣೆಯಲ್ಲಿ ಹೆಚ್ಚೆಂದರೆ ಶೇ. 15ರಷ್ಟಿದೆ. ಆ ಅಂಶದಿಂದಲೇ ತಯಾರಿಸಿದ ಪುಡಿಯನ್ನು 400ಕ್ಕೂ ಹೆಚ್ಚು ಅಲ್ಝೈಮರ್ ರೋಗಿಗಳ ಮೇಲೆ ಆರು ತಿಂಗಳು ಪರೀಕ್ಷಿಸಿದಾಗ, ಅದನ್ನು ತೆಗೆದುಕೊಂಡವರು ಬರಿಯ ಹುಸಿ ಪುಡಿ ತೆಗೆದುಕೊಂಡವರಿಗಿಂತ ಮೇಲಾಗಲಿಲ್ಲ. ಗಿಂಕ್ಗೊ ಎಲೆಯ ಸಾರವನ್ನು 75 ವರ್ಷ ದಾಟಿದ 3,000ಕ್ಕೂ ಹೆಚ್ಚು ಜನರಲ್ಲಿ ಸುಮಾರು ಆರು ವರ್ಷ ಪರೀಕ್ಷಿಸಿದರು. ಅದು ಮರೆವಿನ ಕಾಯಿಲೆಯನ್ನು ತಡೆಯಲಿಲ್ಲ ಎಂದು 2008ರಲ್ಲಿ ತಿಳಿಯಿತು. ಎಲ್ಲವೂ ಸುಳ್ಳೆಂದು ನಾನು ಹೇಳುತ್ತಿಲ್ಲ. ದಿನಕ್ಕೊಂದು ಸಾಧಾರಣ ಮಲ್ಟಿವಿಟಮಿನ್ ತೆಗೆದುಕೊಂಡ ಹಿರಿಯರಲ್ಲಿ ಅಲ್ಪ ಪ್ರಯೋಜನ ಕಂಡಿತೆಂದು 2022ರ ಒಂದು ಅಧ್ಯಯನ ಹೇಳಿದೆ. ಆದರೆ ಡಬ್ಬಿಯ ಮೇಲಿನ ಮಾತಿಗೂ ಈ ಅಲ್ಪ ಪ್ರಯೋಜನಕ್ಕೂ ಬಹಳ ಅಂತರವಿದೆ.

ಯಾಕೆ ಹೀಗೆ? ನಮ್ಮ ಊರನ್ನೇ ನೋಡಿ. ಮನೆಮನೆಯ ಮಕ್ಕಳು ಬೆಂಗಳೂರಿಗೂ ದುಬೈಗೂ ಹೋದ ಮೇಲೆ ಅಂಗಡಿಯಲ್ಲಿ ಅಕ್ಕಿ ವ್ಯಾಪಾರ ಇಳಿಯುತ್ತದೆ. ಅಕ್ಕಿ ಇಲ್ಲವೆಂದು ಜನ ಹೋದರೋ, ಜನ ಹೋದದ್ದರಿಂದ ಅಕ್ಕಿ ಬೇಡವಾಯಿತೋ? ಎರಡನೆಯದಾದರೆ ಲಾರಿ ತುಂಬ ಅಕ್ಕಿ ತಂದಿಳಿಸಿದರೂ ಬೀಗ ಹಾಕಿದ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ಮೆದುಳಿನ ಜೀವಕೋಶಗಳೇ ನಶಿಸಿದ ಕಡೆ ಇಂಧನ ಸುರಿದರೆ ಆಗುವುದೂ ಇಷ್ಟೇ.

ನಿಜವಾದ ಕೊರತೆಗಳೂ ಇವೆ. ಬಿ12 ವಿಟಮಿನ್ ಕಡಿಮೆಯಾದರೆ ಮರೆವು, ಗೊಂದಲ ಬರಬಹುದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಈ ಕೊರತೆ ಕಾಣಿಸಿಕೊಳ್ಳುತ್ತದೆ. ರಕ್ತ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ, ಅದಕ್ಕೆ ಮಾತ್ರೆ ಇಂಜೆಕ್ಷನ್ ಇದೆ. ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕಿವಿ ಕೇಳಿಸದಿರುವುದು ಇವು ಕೂಡ ಮರೆವಿನ ಹಾಗೆ ಕಾಣಬಹುದು. ಇಲ್ಲಿ ಪೂರಕ ಎಂಬ ಮಾತಿಗೆ ಅರ್ಥವಿದೆ. ಕೊರತೆ ಕಂಡಿದೆ, ತುಂಬುತ್ತಿದ್ದೇವೆ.

“ಕೊಟ್ಟು ನೋಡಿದರೆ ನಷ್ಟವೇನು?” ಎಂದು ಕೇಳುವವರಿದ್ದಾರೆ. ಅವರ ಪ್ರೀತಿ ಸುಳ್ಳಲ್ಲ, ಹಾಗಾಗಿ ಉತ್ತರವೂ ಸರಿಯಾಗಿರಬೇಕು. ಮೊದಲ ನಷ್ಟ ಸಮಯದ್ದು. ಡಬ್ಬಿ ಮುಗಿಯಲೆಂದು ಕಾಯುತ್ತ ವೈದ್ಯರ ಬಳಿ ಹೋಗುವುದು ತಡವಾಗುತ್ತದೆ. ಎರಡನೆಯದು ದೇಹದ್ದು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಗಿಂಕ್ಗೊ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಕುಡಿದರೆ ನೀವು ಮೊದಲಿನ ಹಾಗೆ ಆಗುತ್ತೀರಿ ಎಂದು ದಿನವೂ ಹೇಳಿಸಿಕೊಳ್ಳುವ ಅಜ್ಜಿಗೆ, ಈಗಿರುವ ತಾನು ಯಾರಿಗೂ ಸಾಲದು ಎಂಬುದೇ ಕೇಳಿಸುತ್ತದೆ. ಗುಣವಾಗದಿದ್ದಾಗ ಮಗಳಿಗೆ, ಇನ್ನೂ ದುಬಾರಿಯದನ್ನು ತರಬೇಕಿತ್ತೇನೋ ಎಂಬ ಕೊರಗು ಉಳಿಯುತ್ತದೆ. ಮಾಡದ ತಪ್ಪಿಗೆ ಪಶ್ಚಾತ್ತಾಪ ಪಡುವ ಹೊರೆಯನ್ನು ಯಾರ ಮೇಲೂ ಹೊರಿಸಬಾರದು.

ಮಾರುವ ನಮ್ಮವರಿಗೂ ಒಂದು ಮಾತು. ನಮ್ಮ ದೇಶದಲ್ಲಿ ಇಂಥವು ಆಹಾರವೆಂದೇ ಲೆಕ್ಕ. 2016ರ ನಿಯಮದಂತೆ, ಇದು ಔಷಧವಾಗಿ ಬಳಸಲು ಅಲ್ಲ ಎಂದು ಡಬ್ಬಿಯ ಮೇಲೆ ಮುದ್ರಿಸಲೇಬೇಕು. ಡಬ್ಬಿ ಹೇಳದ ಭರವಸೆಯನ್ನು ನಮ್ಮ ಬಾಯಿ ಹೇಳಿದರೆ ಅದು ಸುಳ್ಳು ಸಾಕ್ಷಿ. ಎದುರಿಗಿರುವವರು ಭಯದಲ್ಲಿರುವಾಗಲಂತೂ ಅದು ಇನ್ನೂ ದೊಡ್ಡ ತಪ್ಪು.

ಗಡಿನಾಡಿನ ನಮ್ಮಲ್ಲಿ ಮತ್ತೊಂದು ಕೊರತೆ ಇದೆ, ಅದಕ್ಕೆ ಯಾವ ಡಬ್ಬಿಯೂ ಇಲ್ಲ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಮರೆವಿನ ಪರೀಕ್ಷೆ ಎಂದರೆ ಪ್ರಶ್ನೋತ್ತರ: ಇಂದು ಯಾವ ವಾರ, ಈ ಮೂರು ಶಬ್ದಗಳನ್ನು ಮತ್ತೆ ಹೇಳಿ, ನೂರರಿಂದ ಏಳು ಕಳೆಯಿರಿ. ತನ್ನದಲ್ಲದ ಭಾಷೆಯಲ್ಲಿ ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಅದು ಮರೆವೋ, ಭಾಷೆ ತಿಳಿಯದ್ದೋ? ಕಾಯಿಲೆ ಮುಂದುವರಿದಾಗ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಬಾಲ್ಯದ ಭಾಷೆ ಉಳಿಯುವುದು ಹಲವರಲ್ಲಿ ಕಂಡುಬರುತ್ತದೆ. ಮೊಮ್ಮಕ್ಕಳ ಹೆಸರು ತಪ್ಪಿದರೂ ಜಪಸರ ಕೈಗೆ ಕೊಟ್ಟರೆ ‘ನಮೋ ಮರಿಯಾ’ ತಾನಾಗಿ ಬಾಯಿಗೆ ಬರುವವರಿದ್ದಾರೆ. ಆಗ ಜೊತೆಗೆ ಕನ್ನಡದಲ್ಲಿ ದನಿಗೂಡಿಸುವವರು ಮನೆಯಲ್ಲಿ ಯಾರಿದ್ದಾರೆ? ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ.

ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯರನ್ನು ಗೌರವಿಸಲು ಹೇಳುತ್ತದೆ, ಔಷಧಗಳನ್ನು ಭೂಮಿಯಿಂದ ಕೊಟ್ಟವನು ದೇವರೇ ಎನ್ನುತ್ತದೆ. ಆದ್ದರಿಂದ ಪ್ರಾರ್ಥನೆ ಸಾಕು, ಪರೀಕ್ಷೆ ಬೇಡ ಎನ್ನುವುದು ನಮ್ಮ ವಿಶ್ವಾಸವಲ್ಲ. ಅದೇ ಗ್ರಂಥದ 3ನೇ ಅಧ್ಯಾಯ ಮುಪ್ಪಿನ ತಂದೆಯ ಬುದ್ಧಿ ಕುಂದಿದರೂ ತಾಳ್ಮೆಯಿಂದಿರು, ಅವನನ್ನು ಹೀನಾಯವಾಗಿ ಕಾಣಬೇಡ ಎಂದು ಮಗನಿಗೆ ಹೇಳುತ್ತದೆ. ಗಮನಿಸಿ, ಬುದ್ಧಿಯನ್ನು ಮರಳಿ ತಂದುಕೊಡು ಎಂದು ಅಲ್ಲಿಲ್ಲ. ನಾಲ್ಕನೆಯ ಆಜ್ಞೆ ನಮ್ಮಿಂದ ಕೇಳುವುದು ಗೌರವ, ಗುಣಪಡಿಸುವ ಶಕ್ತಿಯಲ್ಲ. ತಾಯಿ ಮಗುವನ್ನು ಮರೆತರೂ ತಾನು ಮರೆಯೆನೆಂದು ದೇವರು ಯೆಶಾಯನ ಬಾಯಿಂದ ಹೇಳಿಸಿದ್ದಾರೆ. ಮನುಷ್ಯನ ಬೆಲೆ ಅವನ ನೆನಪಿನ ಮೇಲೆ ನಿಂತಿದ್ದರೆ ಆ ಮಾತಿಗೆ ಅರ್ಥವಿರುತ್ತಿರಲಿಲ್ಲ.

ಹಾಗಾದರೆ ಡಬ್ಬಿ ತರಬೇಕೇ ಬೇಡವೇ? ವೈದ್ಯರನ್ನು ಕೇಳಿ, ಕೊರತೆ ಗೊತ್ತಾದರೆ ತನ್ನಿ. ಗೊತ್ತಾಗದೆ ತರದಿದ್ದರೆ ಅದು ಪಾಪವಲ್ಲ. ಆ ಹಣ, ಆ ಹೊತ್ತು ಉಳಿದರೆ ಹಿರಿಯರ ಬಳಿ ಕುಳಿತುಕೊಳ್ಳಲು ಬಳಸಿ.

ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ ಅಜ್ಜ ಅಜ್ಜಿಯರ ಹಾಗೂ ಹಿರಿಯರ ದಿನ ಜುಲೈ ತಿಂಗಳ ನಾಲ್ಕನೆಯ ಭಾನುವಾರ ಬರುತ್ತದೆ. ಅದಕ್ಕೆ ಮುಂಚೆ ನಮ್ಮ ಯುವಜನರು ಎರಡು ಕೆಲಸಕ್ಕೆ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ: ಕನ್ನಡ, ಮಲಯಾಳ ಎರಡೂ ಬಲ್ಲವರು ಹಿರಿಯರ ಜೊತೆ ಆಸ್ಪತ್ರೆಗೆ ಹೋಗಲು, ಉಳಿದವರು ವಾರಕ್ಕೊಮ್ಮೆ ಅವರ ಮನೆಯಲ್ಲಿ ಕನ್ನಡದಲ್ಲಿ ಜಪಸರ ಹೇಳಲು. ಓದಲು ಬಾರದವರಿಗೆ ಪ್ರಾರ್ಥನೆಗಳನ್ನು ಆ ಅಜ್ಜಿಯರೇ ಕಲಿಸಿಕೊಡುತ್ತಾರೆ.