ನೆಲದಡಿಯ ನೀರು ಯಾರದು?

ಲಕ್ಷ್ಮೇಶ್ವರದ ಪ್ರಾಚೀನ ಹೆಸರು ಪುಲಿಗೆರೆ. ಕನ್ನಡದ ತಿರುಳಿನ ನಾಡು ಯಾವುದೆಂದು ಹೇಳುವಾಗ ಕವಿರಾಜಮಾರ್ಗವು ಈ ಊರನ್ನು ಹೆಸರಿಸುತ್ತದೆ. ಆ ಹೆಸರಿನೊಳಗೇ ಒಂದು ಕೆರೆ ಇರುವುದನ್ನು ವಾಚಕರು ಗಮನಿಸಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆಯಾಗುವ ಈ ಸೀಮೆಯಲ್ಲಿ ಕೆರೆಯಿಲ್ಲದೆ ಊರು ನಿಲ್ಲುವುದು ಕಷ್ಟವಾಗಿದ್ದಿತು. ಮುಂಡರಗಿ ತಾಲೂಕಿನ ಡಂಬಳದ ವಿಶಾಲವಾದ ಕೆರೆ ಇಂದಿಗೂ ಅದಕ್ಕೆ ಸಾಕ್ಷಿಯಾಗಿದೆ. ಬಿದ್ದ ಮಳೆಯನ್ನು ಕೂಡಿ ಹಿಡಿದಿಡುವುದು, ತುಂಬಿದ ಹೂಳನ್ನು ಕೂಡಿ ಎತ್ತುವುದು ಅಂದಿನ ಬಾಳಿನ ನಿಯಮ. ಆ ಕೆರೆಬಾವಿಗಳ ಮೆಟ್ಟಿಲು ಎಲ್ಲ ಜನರಿಗೂ ಸಮನಾಗಿ ತೆರೆದಿರಲಿಲ್ಲವೆಂಬ ಕಳಂಕವನ್ನು ಮರೆಮಾಚಬೇಕಾಗಿಲ್ಲ. ಆದರೂ ನೀರು ಒಬ್ಬನದಲ್ಲ ಎಂಬ ಭಾವನೆಯೊಂದು ಅಲ್ಲಿ ಬೇರೂರಿದ್ದಿತು.

ಅನಂತರ ಕೊಳವೆಬಾವಿ ಬಂದಿತು. ಅದನ್ನು ಒಮ್ಮೆಗೇ ಹಳಿಯುವುದು ನ್ಯಾಯವಲ್ಲ. ಮೆಟ್ಟಿಲುಬಾವಿಯ ನೀರಿನಿಂದ ನಾರುಹುಣ್ಣು ಹರಡಿ, ಕಾಲಿನಿಂದ ಹುಳು ಹೊರಬರುವ ಯಾತನೆಯನ್ನು ನಮ್ಮ ಹಿರಿಯರು ಕಂಡವರು. ಕೈಪಂಪು ಶುದ್ಧವಾದ ನೀರನ್ನು ಮನೆಯ ಹತ್ತಿರಕ್ಕೆ ತಂದಿತು. 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆಯಿತು. ಆ ಕಾರ್ಯದಲ್ಲಿ ಕೊಳವೆಬಾವಿಯ ಪಾಲು ದೊಡ್ಡದು.

ಆದರೆ ಒಂದು ರೋಗವನ್ನು ಕಳೆದ ಬಾವಿಯೇ ಇನ್ನೊಂದು ರೋಗಕ್ಕೆ ಬಾಗಿಲು ತೆರೆಯಿತು. ಮುಂಡರಗಿ, ಶಿರಹಟ್ಟಿ ಭಾಗದ ಅನೇಕ ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಮಿತಿಯನ್ನು ಮೀರಿದೆ. ಒಂದು ಲೀಟರು ನೀರಿನಲ್ಲಿ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನದಂಡವು 1 ಮಿಲಿಗ್ರಾಮಿನೊಳಗೆ ಇರುವುದೇ ಲೇಸೆನ್ನುತ್ತದೆ. ಕಲ್ಲಿನೊಳಗಿನ ಈ ಅಂಶವು ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ಆಳದ ನೀರಿನಲ್ಲಿ ಸಾಮಾನ್ಯವಾಗಿ ಅದರ ಪ್ರಮಾಣ ಹೆಚ್ಚು. ಮಳೆಯ ಹೊಸ ನೀರು ಇಂಗಿ ಬೆರೆತರೆ ಕಡಿಮೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಸಾಂದ್ರವಾಗುತ್ತದೆ. ಸುಮಾರು ಎಂಟು ವರ್ಷದೊಳಗಿನ ಮಕ್ಕಳು, ಹಲ್ಲು ರೂಪುಗೊಳ್ಳುವ ಕಾಲದಲ್ಲಿ ಇಂಥ ನೀರನ್ನು ಕುಡಿದರೆ ಹಲ್ಲಿನ ಮೇಲೆ ಕಂದುಕಲೆ ಬಿದ್ದು ಜೀವನಪರ್ಯಂತ ಉಳಿಯುತ್ತದೆ. ಮಿತಿಯನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ.

ಇಲ್ಲಿಯೇ ನೀತಿಯ ಪ್ರಶ್ನೆ ಏಳುತ್ತದೆ. ನನ್ನ ಹೊಲದಲ್ಲಿ ನಾನು ಆಳವಾಗಿ ಕೊರೆಯಿಸಿದರೆ ನೆರೆಯವನ ಬಾವಿ ಬತ್ತುತ್ತದೆ. ಅವನೂ ಇನ್ನಷ್ಟು ಆಳಕ್ಕೆ ಇಳಿಯುತ್ತಾನೆ. ಹೀಗೆ ಒಬ್ಬರನ್ನೊಬ್ಬರು ಅಟ್ಟುತ್ತ ಇಡೀ ಊರು ಹಳೆಯ ನೀರಿಗೆ ಇಳಿಯುತ್ತದೆ. ಅದನ್ನು ಕುಡಿದು ಶಾಲೆಗೆ ಹೋಗುವ ಕೂಸು ನಗಲು ನಾಚುತ್ತದೆ. ಈ ಕೂಸಿಗೆ ಅನ್ಯಾಯ ಮಾಡಿದವರಾರು? ಯಾರೂ ಬೇಕೆಂದು ಮಾಡಲಿಲ್ಲ. ಕಾನೂನನ್ನು ಕೇಳಿದರೆ, ಹರಿವಿನ ಗೊತ್ತಾದ ಜಾಡಿಲ್ಲದ ನೆಲದಡಿಯ ನೀರನ್ನು ತನ್ನ ಮೇರೆಯೊಳಗೆ ತೆಗೆದುಕೊಳ್ಳುವುದು ಭೂಮಿಯ ಒಡೆಯನ ಹಕ್ಕು ಎಂಬ ಭಾವನೆಯನ್ನು 1882ರ ಈಸ್‌ಮೆಂಟ್ ಕಾಯಿದೆಯೇ ನೆಲೆಗೊಳಿಸಿದೆ. 2011ರಲ್ಲಿ ಕರ್ನಾಟಕವು ಅಂತರ್ಜಲದ ನಿಯಂತ್ರಣಕ್ಕಾಗಿ ಬೇರೆ ಕಾಯಿದೆ ಮಾಡಿದರೂ, ನಮ್ಮ ಮನಸ್ಸು ಇನ್ನೂ 1882ರಲ್ಲಿಯೇ ನಿಂತಿದೆ.

ಕೊರೆಯಿಸುವ ರೈತನು ದುರಾಶೆಯವನೆಂದು ಹೇಳುವುದು ಸುಲಭ. ಆದರೆ ಕಣ್ಣೆದುರು ಉಳ್ಳಾಗಡ್ಡಿ ಒಣಗುತ್ತಿರುವಾಗ, ಸಾಲದ ಬಡ್ಡಿ ಬೆಳೆಯುತ್ತಿರುವಾಗ, ನೆಲದಡಿ ನೀರಿದೆಯೆಂಬ ಆಸೆಯನ್ನು ಬಿಡೆಂದು ಅವನಿಗೆ ಹೇಳುವ ಅಧಿಕಾರ ಯಾರಿಗಿದೆ? ಆದ್ದರಿಂದ ಇದು ಒಬ್ಬ ರೈತನ ತಪ್ಪಿನ ಮಾತಲ್ಲ. ಒಬ್ಬೊಬ್ಬರ ಅಗತ್ಯಗಳು ಕೂಡಿ ಎಲ್ಲರ ಅನರ್ಥವಾಗುವ ಮಾತು.

ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆಯಲ್ಲ, ನಾಣ್ಯ ಹಾಕಿದರೆ ಕೊಡ ತುಂಬುತ್ತದೆಯಲ್ಲ ಎಂದು ಕೆಲವರು ಕೇಳಬಹುದು. ಅವು ಅವಶ್ಯಕ, ಇಂದು ಬಾಯಾರಿದವನಿಗೆ ಇಂದೇ ನೀರು ಬೇಕು. ಆದರೆ ನಾಣ್ಯವಿಲ್ಲದ ಮನೆಯಲ್ಲಿ ಅಂಬಲಿ ಯಾವ ನೀರಿನಲ್ಲಿ ಬೇಯುತ್ತದೆ? ದನಕರುಗಳು ಏನನ್ನು ಕುಡಿಯುತ್ತವೆ? ಘಟಕವು ಬೇರ್ಪಡಿಸಿ ಚೆಲ್ಲಿದ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚಾಗಿರುತ್ತದೆ. ಎಚ್ಚರ ತಪ್ಪಿದರೆ ಅದೇ ಮರಳಿ ನೆಲಕ್ಕಿಳಿಯುತ್ತದೆ. ತುಂಗಭದ್ರೆಯಿಂದ ಬರುವ ಕೊಳಾಯಿ ಒಂದು ವರ. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಊರು ಮತ್ತೆ ಕೊಳವೆಬಾವಿಯ ಕಡೆಗೇ ನೋಡಬೇಕಾಗುತ್ತದೆ.

2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಭಾಗದಲ್ಲಿ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವ ಯೋಜನೆ ಬಂದಿತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳವರು ರೈತರೊಡನೆ ನಿಂತರು. ಯೋಜನೆ ಹಿಂದೆ ಸರಿಯಿತು. 2019ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವಾಯಿತು. ಹೊರಗಿನಿಂದ ಬಂದುದನ್ನು ಎದುರಿಸಿ ನಿಲ್ಲುವ ಶಕ್ತಿ ಈ ನಾಡಿಗಿದೆಯೆಂಬುದು ಇದರಿಂದ ಸಿದ್ಧವಾಯಿತು. ಆದರೆ ಕೊಳವೆಬಾವಿಯ ವಿಷಯದಲ್ಲಿ ಎದುರಾಳಿ ಹೊರಗಿಲ್ಲ. ಅಲ್ಲಿ ನಾವೇ ನಮಗೆ ಎದುರಾಗಿದ್ದೇವೆ. ಆದುದರಿಂದಲೇ ಈ ಹೋರಾಟ ಕಠಿಣ.

ಕಾಯಕದಿಂದ ಪಡೆದುದು ನಮ್ಮದು. ಅದರಲ್ಲಿಯೂ ದಾಸೋಹದ ಪಾಲುಂಟು ಎಂದು ನಾವು ನಂಬಿದವರು. ನೆಲದಡಿಯ ನೀರಾದರೋ ನಮ್ಮ ಕಾಯಕದ ಫಲವೂ ಅಲ್ಲ. ಎಷ್ಟೋ ತಲೆಮಾರುಗಳ ಮಳೆ ಎಷ್ಟೋ ಜನರ ಹೊಲಗಳಲ್ಲಿ ಇಂಗಿ ಕೂಡಿದ್ದು ಅದು. ಯಂತ್ರಕ್ಕೆ ಹಣ ತೆತ್ತೆವೆಂದ ಮಾತ್ರಕ್ಕೆ ನೀರಿಗೆ ಬೆಲೆ ತೆತ್ತಂತಾಗಲಿಲ್ಲ. ಎತ್ತುವವನ ಮೇಲೆ ತುಂಬುವ ಋಣವಿದೆ. ಹಕ್ಕು ಎಂಬುದು ಈ ಋಣ ತೀರಿದ ಮೇಲಿನ ಮಾತು. ರೋಗಿಗೆ ಔಷಧ ಕೊಡುವುದು ದಾಸೋಹವಾದರೆ, ರೋಗ ಬರದಂತೆ ಹೊಲದ ಬದುವನ್ನು ಕಟ್ಟುವುದು ಅದಕ್ಕಿಂತ ಕಡಿಮೆಯ ದಾಸೋಹವಲ್ಲ. ಅಲ್ಲಿ ಉಪಕಾರ ಪಡೆದವನು ಯಾರೆಂದೇ ತಿಳಿಯದು. ಧನ್ಯವಾದ ಹೇಳಲು ಯಾರೂ ಬರುವುದಿಲ್ಲ.

ಓದುಗ ಬಂಧುಗಳೇ, ನಿಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಇಂದು ದೂರದ ಪಟ್ಟಣಗಳಲ್ಲಿ ನೆಲೆಸಿದ್ದೀರಿ. ಊರಿನ ಹೊಲ ಲಾವಣಿಗಿದೆ. ವರ್ಷಕ್ಕೊಮ್ಮೆ ಬಂದಾಗ ಲೆಕ್ಕ ಕೇಳುತ್ತೀರಿ. ಈ ಸಲ ಇನ್ನೆರಡು ಲೆಕ್ಕಗಳನ್ನೂ ಕೇಳಿರಿ. ನಮ್ಮ ಹೊಲದಿಂದ ಎಷ್ಟು ನೀರು ಮೇಲೆ ಬಂದಿತು, ಎಷ್ಟು ಒಳಗೆ ಹೋಯಿತು? ಬದು ಸರಿಯಿದೆಯೇ, ಕೃಷಿಹೊಂಡಕ್ಕೆ ಜಾಗ ಬಿಟ್ಟಿದ್ದೀರಾ, ನೀರು ಕುಡಿಯುವ ಕಬ್ಬಿಗೆ ಬದಲು ಜೋಳ, ಕಡಲೆ ಬೆಳೆದವನಿಗೆ ಲಾವಣಿಯಲ್ಲಿ ಸ್ವಲ್ಪ ಬಿಟ್ಟುಕೊಡಬಲ್ಲಿರಾ? ಊರಲ್ಲಿರುವವರು ಗ್ರಾಮಸಭೆಯಲ್ಲಿ ಎದ್ದು ನಿಂತು, ಪ್ರತಿಯೊಂದು ಕುಡಿಯುವ ನೀರಿನ ಬಾವಿಯ ಪರೀಕ್ಷೆಯ ಫಲವನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಿರಿ. ಕಾಣದ ವಿಷವನ್ನು ಕಾಣುವಂತೆ ಮಾಡುವುದೇ ಮೊದಲ ಚಿಕಿತ್ಸೆ.

ಇಂದು ಕಟ್ಟಿದ ಬದುವಿನ ಫಲ ನಾಳೆಯೇ ಕಾಣದಿರಬಹುದು. ಇಂದು ಎದೆಹಾಲು ಕುಡಿಯುವ ಕೂಸಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೆ ಅದು ಕಾಣಬೇಕು. ಆ ಕೂಸು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕರೆ, ಪುಲಿಗೆರೆಯ ಸೀಮೆಯವರು ತಮ್ಮ ಹೆಸರನ್ನು ಉಳಿಸಿಕೊಂಡರೆಂದು ತಿಳಿಯಬಹುದು.